ಮುಂದಿನ ಡಿಸ್ಕ್ ಬದಲಿಸಿದ ಮೇಲೆ ಚಕ್ರ ಮತ್ತು ಬ್ರೇಕ್ ಹೊಂದಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಬೈಕಿನ ಮುಂದಿನ ಡಿಸ್ಕ್ ಪ್ಲೇಟನ್ನು ಗ್ಯಾರೇಜಿನಲ್ಲಿ ಬದಲಿಸಿಕೊಂಡವರಿಗೆ ಅಥವಾ ಮನೆಯಂಗಳದಲ್ಲಿ ತಾವೇ ಬದಲಿಸಿದವರಿಗೆ ಆಮೇಲೆ ಎದುರಾಗುವ ತೊಂದರೆಗಳನ್ನು ಇಲ್ಲಿ ತೆಗೆದುಕೊಳ್ಳಲಾಗಿದೆ. ಮುಂದೆ ಒಂದೇ ಡಿಸ್ಕ್ ಮತ್ತು ಸಾಮಾನ್ಯ ಟೆಲಿಸ್ಕೋಪಿಕ್ ಫೋರ್ಕ್ ಇರುವ ಬೈಕುಗಳನ್ನು ಗಮನದಲ್ಲಿಟ್ಟು ಉತ್ತರಗಳನ್ನು ಬರೆಯಲಾಗಿದೆ. ಬೋಲ್ಟಿನ ಬಿಗಿತ, ಡಿಸ್ಕಿನ ದಪ್ಪ ಮುಂತಾದ ಅಂಕಿಗಳು ಮಾದರಿಯಿಂದ ಮಾದರಿಗೆ ಬದಲಾಗುವುದರಿಂದ ಅವುಗಳ ವಿಷಯದಲ್ಲಿ ನಿಮ್ಮ ಬೈಕಿನ ಸರ್ವಿಸ್ ಮ್ಯಾನ್ಯುಯಲ್ ಹೇಳಿದ್ದೇ ಅಂತಿಮ. ಹೊಸ ಡಿಸ್ಕ್ ಹಾಕಿದ ಮೇಲೆ ಸದ್ದು, ಅದುರು, ಎಳೆತ ಕಾಣಿಸಿಕೊಂಡರೆ ಎಲ್ಲರೂ ಮೊದಲು ಬೈಯುವುದು ಡಿಸ್ಕನ್ನೇ. ಆದರೆ ಡಿಸ್ಕ್ ಕೂತ ಜಾಗ, ಆಕ್ಸಲ್ (ಚಕ್ರದ ಅಚ್ಚು) ಕೂತ ರೀತಿ, ಬಿಗಿ ಮಾಡಿದ ಕ್ರಮ ಇವುಗಳನ್ನು ಪರೀಕ್ಷಿಸದೆ ಎರಡನೆಯ ಡಿಸ್ಕಿಗೆ ಹಣ ಕೊಡಬಾರದು.

ಚಕ್ರವನ್ನು ಎತ್ತಿ ಕೈಯಿಂದ ತಿರುಗಿಸಿದರೆ ಸಣ್ಣಗೆ ಉಜ್ಜುವ ಸದ್ದು ಬರುತ್ತದೆ. ಇದು ದೋಷವೇ?

ಸದ್ದು ಹಗುರವಾಗಿದ್ದು, ಸುತ್ತಿನುದ್ದಕ್ಕೂ ಒಂದೇ ಸಮನಾಗಿದ್ದು, ಚಕ್ರ ಸರಾಗವಾಗಿ ಒಂದೆರಡು ಸುತ್ತು ತಿರುಗಿ ನಿಂತರೆ ದೋಷವಲ್ಲ. ಡ್ರಮ್ ಬ್ರೇಕಿನಲ್ಲಿರುವಂತೆ ಡಿಸ್ಕ್ ಬ್ರೇಕಿನಲ್ಲಿ ಪ್ಯಾಡುಗಳನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್ ಇರುವುದಿಲ್ಲ. ಲೀವರ್ ಒತ್ತಿದಾಗ ಪ್ಯಾಡನ್ನು ತಳ್ಳುವ ಪಿಸ್ಟನ್ನಿನ ಸುತ್ತಲಿನ ರಬ್ಬರ್ ಸೀಲ್ ಸ್ವಲ್ಪ ತಿರುಚಿಕೊಳ್ಳುತ್ತದೆ, ಬಿಟ್ಟಾಗ ಅದು ತನ್ನ ಆಕಾರಕ್ಕೆ ಮರಳುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ತರುತ್ತದೆ. ಅಷ್ಟು ಕಡಿಮೆ ಅಂತರದಲ್ಲಿ ಪ್ಯಾಡ್ ಡಿಸ್ಕನ್ನು ಸವರುವುದು ಸಹಜ.

ಗಮನಿಸಬೇಕಾದದ್ದು ಸದ್ದಿನ ಲಯವನ್ನು. ಸುತ್ತಿಗೊಮ್ಮೆ ಒಂದೇ ಜಾಗದಲ್ಲಿ "ಶರ್" ಎಂದು ತಾಗಿ ಬಿಟ್ಟರೆ ಡಿಸ್ಕ್ ಓಲಾಡುತ್ತಿದೆ ಎಂದರ್ಥ. ಸುತ್ತಿನುದ್ದಕ್ಕೂ ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ತೊಂದರೆ ಕ್ಯಾಲಿಪರ್ (ಪ್ಯಾಡು, ಪಿಸ್ಟನ್ನುಗಳನ್ನು ಹಿಡಿದಿರುವ ಭಾಗ), ಪಿಸ್ಟನ್ ಅಥವಾ ಚಕ್ರ ಕೂತ ಸ್ಥಾನದಲ್ಲಿದೆ. ಹಳೆಯ ಡಿಸ್ಕ್ ಸವೆದು ತೆಳುವಾಗಿತ್ತು, ಹೊಸದು ದಪ್ಪವಾಗಿದೆ. ಆದ್ದರಿಂದ ಪಿಸ್ಟನ್ನನ್ನು ಪೂರ್ತಿ ಒಳಗೆ ತಳ್ಳದೆ ಚಕ್ರ ಹಾಕಿದ್ದರೂ ಈ ಬಿಗಿತ ಬರುತ್ತದೆ.

ಸುತ್ತಿಗೊಮ್ಮೆ ತಾಗುತ್ತಿದೆ. ಹೊಸ ಡಿಸ್ಕೇ ಸೊಟ್ಟಗಿದೆಯೇ?

ಇರಬಹುದು, ಆದರೆ ಮೊದಲ ಅನುಮಾನ ಚಕ್ರದ ನಡುಭಾಗವಾದ ಹಬ್ಬಿನ ಮೇಲಿರಲಿ. ಡಿಸ್ಕ್ ಕೂರುವ ಹಬ್ಬಿನ ಮುಖದಲ್ಲಿ ತುಕ್ಕು, ಹಳೆಯ ಥ್ರೆಡ್ ಲಾಕಿನ (ಬೋಲ್ಟ್ ಸಡಿಲವಾಗದಂತೆ ಎಳೆಗಳಿಗೆ ಹಚ್ಚುವ ಅಂಟು) ಒಣಗಿದ ಚೂರು, ಮಣ್ಣು ಅಥವಾ ಪೇಂಟ್ ಉಳಿದಿದ್ದರೆ ಹೊಚ್ಚಹೊಸ ಡಿಸ್ಕ್ ಕೂಡ ಓರೆಯಾಗಿಯೇ ಕೂರುತ್ತದೆ. ಬೀಸುಕಲ್ಲಿನ ಗೂಟದ ಬಳಿ ಒಂದು ಕಾಳು ಸಿಕ್ಕಿಕೊಂಡರೆ ಮೇಲಿನ ಕಲ್ಲಿನ ಅಂಚು ಎಷ್ಟು ಓಲುತ್ತದೋ ಇಲ್ಲಿಯೂ ಹಾಗೆಯೇ ಆಗುತ್ತದೆ. ಲೆಕ್ಕ ಹಾಕಿ ನೋಡಿ: ಬೋಲ್ಟುಗಳ ವೃತ್ತದ ವ್ಯಾಸ 100 ಮಿ.ಮೀ. ಇದ್ದು, ಡಿಸ್ಕಿನ ವ್ಯಾಸ 260 ಮಿ.ಮೀ. ಇದ್ದರೆ, ಒಂದು ಬೋಲ್ಟಿನ ಬಳಿ ಸಿಕ್ಕ 0.1 ಮಿ.ಮೀ. ದಪ್ಪದ ಕಸವು ಡಿಸ್ಕಿನ ಅಂಚಿನಲ್ಲಿ 0.26 ಮಿ.ಮೀ. ಓಲಾಟವಾಗಿ ಕಾಣುತ್ತದೆ. ಅನೇಕ ಬೈಕುಗಳ ಮ್ಯಾನ್ಯುಯಲ್ ಒಪ್ಪುವ ಗರಿಷ್ಠ ಮಿತಿ 0.3 ಮಿ.ಮೀ. ಮಾತ್ರ, ಕೆಲವು ಮಾದರಿಗಳಲ್ಲಿ ಅದಕ್ಕಿಂತಲೂ ಕಡಿಮೆ. ಒಂದು ಚೂರು ಕಸವೇ ಮಿತಿಯ ಬಹುಪಾಲನ್ನು ತಿಂದುಹಾಕಿತೆಂದರೆ ಡಿಸ್ಕಿಗೆ ಉಳಿದದ್ದೇನು?

ಅಲಾಯ್ ಚಕ್ರಗಳಿಗೆ ಹೊಸದಾಗಿ ಬಣ್ಣ ಅಥವಾ ಪೌಡರ್ ಕೋಟಿಂಗ್ ಮಾಡಿಸಿದವರು ಇದನ್ನು ವಿಶೇಷವಾಗಿ ಗಮನಿಸಬೇಕು. ಕೋಟಿಂಗ್ ಮಾಡುವಾಗ ಡಿಸ್ಕ್ ಕೂರುವ ಮುಖಕ್ಕೆ ಟೇಪ್ ಹಚ್ಚಿ ಮುಚ್ಚದಿದ್ದರೆ ಅಲ್ಲಿ ಒಂದೇ ಸಮನಲ್ಲದ ಪದರ ಕೂತಿರುತ್ತದೆ. ಅದನ್ನು ಕೆರೆದು ತೆಗೆಯಬೇಕು, ಆದರೆ ಅಲ್ಯೂಮಿನಿಯಂ ಮೆತ್ತಗಿನ ಲೋಹವಾದ್ದರಿಂದ ಅರ ಅಥವಾ ಗ್ರೈಂಡರ್ ಹಚ್ಚಬಾರದು.

ಬೋಲ್ಟುಗಳನ್ನು ಎದುರುಬದುರಾಗಿ, ಎರಡು ಮೂರು ಹಂತಗಳಲ್ಲಿ ಬಿಗಿ ಮಾಡಬೇಕು. ಒಂದನ್ನು ಪೂರ್ತಿ ಬಿಗಿದು ಪಕ್ಕದ್ದಕ್ಕೆ ಹೋದರೆ ಡಿಸ್ಕ್ ಒಂದು ಕಡೆಗೆ ವಾಲಿಕೊಂಡೇ ನಿಲ್ಲುತ್ತದೆ. ಕೊನೆಯ ಹಂತಕ್ಕೆ ಬಿಗಿತವನ್ನು (ಟಾರ್ಕ್) ಅಳೆದು ಬಿಗಿಯುವ ಟಾರ್ಕ್ ರೆಂಚ್ ಬೇಕು. ಅನೇಕ ಕಂಪನಿಗಳು ಡಿಸ್ಕ್ ಬೋಲ್ಟುಗಳನ್ನು ಪ್ರತಿ ಸಲವೂ ಹೊಸದಾಗಿ ಹಾಕಲು ಹೇಳುತ್ತವೆ. ಹಳೆಯವನ್ನೇ ಹಾಕಲು ಅವಕಾಶವಿರುವ ಮಾದರಿಯಾದರೆ ಎಳೆಗಳನ್ನು ಸ್ವಚ್ಛಗೊಳಿಸಿ ನೀಲಿ ಬಣ್ಣದ, ಮಧ್ಯಮ ಹಿಡಿತದ ಥ್ರೆಡ್ ಲಾಕ್ ಹಚ್ಚಿ. ಕೆಂಪು ಬಣ್ಣದ್ದನ್ನು ಹಚ್ಚಿದರೆ ಮುಂದೆ ಬಿಚ್ಚುವವನು ಬೆಂಕಿ ಹಚ್ಚಬೇಕಾದೀತು.

ಓಲಾಟವನ್ನು ಅಳೆಯುವುದು ಹೇಗೆ? ಡಯಲ್ ಗೇಜ್ ನಮ್ಮಲ್ಲಿ ಎಲ್ಲಿ ಸಿಗುತ್ತದೆ?

ಬೆಳಗಾವಿಯವರಿಗೆ ಇದು ಕಷ್ಟವೇ ಅಲ್ಲ. ಫೌಂಡ್ರಿ ಮತ್ತು ಮಷಿನ್ ಶಾಪುಗಳ ಊರು ಇದು. ಉದ್ಯಮಬಾಗದ ಮಷಿನ್ ಶಾಪುಗಳಲ್ಲಿ ಸಣ್ಣ ಓಲಾಟವನ್ನೂ ಮುಳ್ಳಿನಿಂದ ತೋರಿಸುವ, ಮ್ಯಾಗ್ನೆಟಿಕ್ ಸ್ಟ್ಯಾಂಡಿನ ಡಯಲ್ ಗೇಜ್ ದಿನನಿತ್ಯದ ಉಪಕರಣ. ಬಾಗಲಕೋಟೆ, ವಿಜಯಪುರಗಳಲ್ಲಿ ಲೇಥ್ ಕೆಲಸದವರನ್ನು ವಿಚಾರಿಸಿ. ಫೋರ್ಕಿನ ಕೆಳಭಾಗ ಅಲ್ಯೂಮಿನಿಯಂ ಆಗಿರುವುದರಿಂದ ಮ್ಯಾಗ್ನೆಟ್ ಅಲ್ಲಿ ಹಿಡಿಯುವುದಿಲ್ಲ, ಆದ್ದರಿಂದ ಒಂದು ಕಬ್ಬಿಣದ ಪಟ್ಟಿಯನ್ನು ಫೋರ್ಕಿಗೆ ಕ್ಲ್ಯಾಂಪಿನಿಂದ ಬಿಗಿದು ಅದರ ಮೇಲೆ ಸ್ಟ್ಯಾಂಡ್ ನಿಲ್ಲಿಸಬೇಕಾಗುತ್ತದೆ.

ಅಳೆಯುವ ಮುನ್ನ ಚಕ್ರವನ್ನು ಎರಡೂ ಕೈಗಳಿಂದ ಹಿಡಿದು ಅಡ್ಡಡ್ಡ ಅಲ್ಲಾಡಿಸಿ ನೋಡಿ. ಬೇರಿಂಗಿನಲ್ಲಿ ಆಟವಿದ್ದರೆ ಗೇಜ್ ತೋರಿಸುವ ಅಂಕಿಗೆ ಅರ್ಥವಿಲ್ಲ, ಮೊದಲು ಬೇರಿಂಗ್ ಬದಲಿಸಿ. ಆಟವಿಲ್ಲದಿದ್ದರೆ ಗೇಜಿನ ಮೊನೆಯನ್ನು ಡಿಸ್ಕಿನ ಹೊರ ಅಂಚಿನ ಹತ್ತಿರ, ತೂತುಗಳಿಲ್ಲದ ಜಾಗದಲ್ಲಿ ತಾಗಿಸಿ, ಚಕ್ರವನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿ, ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಿಗಳ ವ್ಯತ್ಯಾಸವನ್ನು ಬರೆದುಕೊಳ್ಳಿ. ಉಬ್ಬು ಬಂದ ಜಾಗಕ್ಕೆ ಡಿಸ್ಕಿನ ಮೇಲೂ ಹಬ್ಬಿನ ಮೇಲೂ ಮಾರ್ಕರಿನಿಂದ ಗುರುತು ಮಾಡಿ.

ಇನ್ನು ಮುಖ್ಯವಾದ ಪರೀಕ್ಷೆ. ಡಿಸ್ಕನ್ನು ಬಿಚ್ಚಿ, ಒಂದು ಬೋಲ್ಟಿನಷ್ಟು ಸುತ್ತಿಸಿ, ಮತ್ತೆ ಸರಿಯಾಗಿ ಬಿಗಿದು ಅಳೆಯಿರಿ. ಉಬ್ಬು ಡಿಸ್ಕಿನ ಗುರುತಿನ ಜೊತೆಗೇ ಸರಿದಿದ್ದರೆ ದೋಷ ಡಿಸ್ಕಿನದು, ಅಂಗಡಿಗೆ ಮರಳಿ ಕೊಡಲು ನಿಮ್ಮ ಕೈಯಲ್ಲಿ ಆಧಾರವಿದೆ. ಉಬ್ಬು ಹಬ್ಬಿನ ಗುರುತಿನ ಬಳಿಯೇ ಉಳಿದಿದ್ದರೆ ದೋಷ ಹಬ್ಬಿನದು ಅಥವಾ ಬೇರಿಂಗಿನದು. ಎಷ್ಟು ಡಿಸ್ಕ್ ಬದಲಿಸಿದರೂ ಅದು ಹೋಗುವುದಿಲ್ಲ. ಎರಡರಲ್ಲೂ ಸ್ವಲ್ಪ ಸ್ವಲ್ಪ ದೋಷವಿದ್ದರೆ ಹೀಗೆ ಸುತ್ತಿಸುವಾಗ ಒಂದು ಸ್ಥಾನದಲ್ಲಿ ಅವು ಪರಸ್ಪರ ಕಳೆದು ಓಲಾಟ ಮಿತಿಯೊಳಗೆ ಬರುವುದೂ ಉಂಟು.

ಗೇಜ್ ಸಿಗದಿದ್ದರೆ ಗಟ್ಟಿ ತಂತಿಯ ತುಂಡೊಂದನ್ನು ಫೋರ್ಕಿಗೆ ಕಟ್ಟಿ, ಅದರ ತುದಿಯನ್ನು ಡಿಸ್ಕಿಗೆ ತಾಗೀತಾಗದಂತೆ ಬಾಗಿಸಿ, ಅಂತರವನ್ನು ಫೀಲರ್ ಗೇಜಿನಿಂದ (ಸಂದಿ ಅಳೆಯುವ ತೆಳು ಲೋಹದ ಪಟ್ಟಿಗಳು) ನೋಡಬಹುದು. ಇದು ನಿಖರವಲ್ಲ, ಆದರೂ ಅರ್ಧ ಮಿ.ಮೀ. ಓಲಾಟವನ್ನು ಅಡಗಿಸಿಡಲು ಬಿಡದು.

ಸೊಟ್ಟಗಾದ ಡಿಸ್ಕನ್ನು ತಟ್ಟಿ ನೇರ ಮಾಡಬಹುದೇ? ಲೇಥಿಗೆ ಹಾಕಿಸಬಹುದೇ?

ತಟ್ಟಬಾರದು. ಲೇಥ್ ಅಥವಾ ಸರ್ಫೇಸ್ ಗ್ರೈಂಡರಿಗೆ ಹಾಕಿ ಮಟ್ಟ ಮಾಡಿಕೊಡುವವರು ಸಿಗುತ್ತಾರೆ, ಆದರೆ ಬೈಕಿನ ಡಿಸ್ಕ್ ಹೊಸದಿದ್ದಾಗಲೇ ಸುಮಾರು 4 ರಿಂದ 5 ಮಿ.ಮೀ. ದಪ್ಪವಿರುತ್ತದೆ, ಕನಿಷ್ಠ ದಪ್ಪದ ಅಂಕಿಯನ್ನು ಅದರ ಮೇಲೆಯೇ ಕೊರೆದಿರುತ್ತಾರೆ. ತೆಗೆಯಲು ಲೋಹವೇ ಇಲ್ಲದ ಕಡೆ ಲೇಥ್ ಏನು ಮಾಡೀತು?

ಡಿಸ್ಕ್ ಕ್ಯಾಲಿಪರಿನ ನಟ್ಟನಡುವೆ ಇಲ್ಲ, ಒಂದು ಪಕ್ಕಕ್ಕೆ ಇದೆ. ವಾಶರ್ ಹಾಕಿ ಸರಿಪಡಿಸಬಹುದೇ?

ವಾಶರ್ ಬೇಡ. ನಮ್ಮ ರಸ್ತೆಗಳ ಮೇಲಿನ ಬಹುಪಾಲು ಬೈಕುಗಳಲ್ಲಿ ಪಿಸ್ಟನ್ ಒಂದೇ ಬದಿಗಿರುತ್ತದೆ. ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಅತ್ತಿತ್ತ ಜಾರುತ್ತ ತನ್ನ ಜಾಗವನ್ನು ತಾನೇ ಹುಡುಕಿಕೊಳ್ಳುತ್ತದೆ. ಅಂಥ ಕ್ಯಾಲಿಪರಿನಲ್ಲಿ ಡಿಸ್ಕ್ ನಡುವೆ ಕಾಣಲೇಬೇಕೆಂಬ ನಿಯಮವಿಲ್ಲ, ಕ್ಯಾಲಿಪರ್ ಕೈಯಿಂದ ತಳ್ಳಿದರೆ ಜಾರುತ್ತದೆಯೇ ಎಂಬುದು ಮುಖ್ಯ. ಜಾರದಿದ್ದರೆ ಪಿನ್ನುಗಳನ್ನು ತೆಗೆದು, ಒಣಗಿದ ಗ್ರೀಸ್ ಒರೆಸಿ, ಸಿಲಿಕಾನ್ ಗ್ರೀಸ್ ತೆಳ್ಳಗೆ ಹಚ್ಚಿ. ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸ್ ರಬ್ಬರ್ ಬೂಟನ್ನು ಉಬ್ಬಿಸಿ ಪಿನ್ನನ್ನೇ ಹಿಡಿದುಬಿಡುತ್ತದೆ. ಖಾನಾಪುರದ ಕಡೆಯ ಮಳೆಗಾಲದ ಕೆಂಪು ರಾಡಿಯಲ್ಲಿ ಓಡುವ ಬೈಕುಗಳಲ್ಲೂ, ವಿಜಯಪುರದ ಎರೆಮಣ್ಣಿನ ಹೊಲದ ದಾರಿಗಳಲ್ಲಿ ಓಡುವ ಬೈಕುಗಳಲ್ಲೂ ಈ ಪಿನ್ನುಗಳು ಬೇಗ ಕಟ್ಟಿಕೊಳ್ಳುತ್ತವೆ.

ಪಿನ್ನುಗಳು ಸರಾಗವಾಗಿದ್ದರೂ ಡಿಸ್ಕ್ ಕ್ಯಾಲಿಪರಿನ ಬ್ರ್ಯಾಕೆಟ್ಟಿಗೇ ತಾಗುವಷ್ಟು ಪಕ್ಕಕ್ಕೆ ಸರಿದಿದ್ದರೆ ಎರಡು ಕಾರಣಗಳನ್ನು ಹುಡುಕಿ. ಚಕ್ರದ ಎಡಬಲದ ಸ್ಪೇಸರ್ ಬುಶ್‌ಗಳು ಅದಲುಬದಲಾಗಿರಬಹುದು. ಎರಡೂ ನೋಡಲು ಒಂದೇ ತರಹ ಕಂಡರೂ ಉದ್ದದಲ್ಲಿ ವ್ಯತ್ಯಾಸವಿರುತ್ತದೆ. ಕೇಬಲ್ ಸ್ಪೀಡೋಮೀಟರ್ ಇರುವ ಬೈಕಾದರೆ ಸ್ಪೀಡೋ ಡ್ರೈವಿನ ಕಿವಿಗಳು ಹಬ್ಬಿನ ಕಚ್ಚುಗಳಲ್ಲಿ ಕೂರದೆ ಅದರ ಮೇಲೆಯೇ ನಿಂತಿರಬಹುದು, ಆಗ ಆಕ್ಸಲ್ ಬಿಗಿದಂತೆ ಅದು ಮುರಿಯುತ್ತದೆ. ಎರಡನೆಯ ಕಾರಣ ತಪ್ಪು ಡಿಸ್ಕ್. ಬೋಲ್ಟಿನ ತೂತುಗಳು ಹೊಂದಿದ ಮಾತ್ರಕ್ಕೆ ಡಿಸ್ಕ್ ಆ ಬೈಕಿನದಾಗುವುದಿಲ್ಲ. ಹಳೆಯದನ್ನೂ ಹೊಸದನ್ನೂ ಸಮತಟ್ಟಾದ ಗಾಜಿನ ಮೇಲಿಟ್ಟು, ಬೋಲ್ಟ್ ಕೂರುವ ಮುಖಕ್ಕೂ ಪ್ಯಾಡ್ ಉಜ್ಜುವ ಮುಖಕ್ಕೂ ಇರುವ ಎತ್ತರದ ವ್ಯತ್ಯಾಸವನ್ನು ಎರಡರಲ್ಲೂ ಅಳೆದು ಹೋಲಿಸಿ. ಎರಡೂ ಬದಿಗೆ ಪಿಸ್ಟನ್ ಇರುವ, ಜಾರದ ಕ್ಯಾಲಿಪರ್ ನಿಮ್ಮದಾದರೆ ಈ ಅಳತೆಗೆ ಇನ್ನೂ ಹೆಚ್ಚು ಬೆಲೆಯಿದೆ.

ಆಕ್ಸಲ್ ಮತ್ತು ಪಿಂಚ್ ಬೋಲ್ಟುಗಳನ್ನು ಯಾವ ಕ್ರಮದಲ್ಲಿ ಬಿಗಿ ಮಾಡಬೇಕು?

ಈ ಕೆಲಸದಲ್ಲಿ ಅತಿ ಹೆಚ್ಚು ಅವಸರ ಮಾಡುವ ಘಟ್ಟ ಇದೇ. ಬೈಕು ಡಬಲ್ ಸ್ಟ್ಯಾಂಡಿನ ಮೇಲಿರುವಾಗಲೇ ಆಕ್ಸಲ್ ನಟ್ಟನ್ನೂ ಫೋರ್ಕಿನ ಬುಡದಲ್ಲಿ ಆಕ್ಸಲನ್ನು ಅಮುಕಿ ಹಿಡಿಯುವ ಪಿಂಚ್ ಬೋಲ್ಟನ್ನೂ ಒಟ್ಟಿಗೆ ಬಿಗಿದು ಕೈ ತೊಳೆದರೆ, ಫೋರ್ಕಿನ ಒಂದು ಕಾಲು ಆ ಕ್ಷಣಕ್ಕೆ ಎಲ್ಲಿತ್ತೋ ಅಲ್ಲಿಯೇ ಬಂಧಿಯಾಗುತ್ತದೆ. ಎರಡು ಕಾಲುಗಳು ಸಮಾಂತರವಾಗಿಲ್ಲದಿದ್ದರೆ ಫೋರ್ಕ್ ಹಿಡಿದು ಹಿಡಿದು ಕುಗ್ಗುತ್ತದೆ, ಒಳಗಿನ ಬುಶ್‌ಗಳು ಮತ್ತು ಆಯಿಲ್ ಸೀಲುಗಳು ಬೇಗ ಸವೆಯುತ್ತವೆ; ಕಾಲಿನ ಜೊತೆ ಕ್ಯಾಲಿಪರ್ ಸಹ ಓರೆಯಾಗಿ ನಿಂತು ಪ್ಯಾಡುಗಳು ಒಂದು ತುದಿಯಲ್ಲಿ ಮಾತ್ರ ಸವೆಯುತ್ತವೆ.

ಆಕ್ಸಲನ್ನು ತೆಳ್ಳಗೆ ಗ್ರೀಸ್ ಹಚ್ಚಿ ಕೈಯಿಂದಲೇ ತೂರಿಸಿ. ಸುತ್ತಿಗೆಯ ಅಗತ್ಯ ಬಿದ್ದರೆ ಆಕ್ಸಲ್ ಬಾಗಿದೆ ಅಥವಾ ಸ್ಪೇಸರ್ ಸಾಲಿನಲ್ಲಿಲ್ಲ ಎಂದು ತಿಳಿದು ಅಲ್ಲಿಯೇ ನಿಲ್ಲಿಸಿ. ಆಕ್ಸಲ್ ನಟ್ಟನ್ನು ಮ್ಯಾನ್ಯುಯಲ್ ಹೇಳಿದ ಟಾರ್ಕಿಗೆ ಬಿಗಿ ಮಾಡಿ, ಪಿಂಚ್ ಬೋಲ್ಟುಗಳನ್ನು ಸಡಿಲವಾಗಿಯೇ ಬಿಡಿ. ಲೀವರನ್ನು ಗಟ್ಟಿಯಾಗುವವರೆಗೆ ಒತ್ತಿ. ನಂತರ ಬೈಕನ್ನು ಸ್ಟ್ಯಾಂಡಿನಿಂದ ಇಳಿಸಿ, ಮುಂದಿನ ಬ್ರೇಕ್ ಹಿಡಿದು, ಹ್ಯಾಂಡಲ್ ಮೇಲೆ ಮೈಭಾರ ಹಾಕಿ ಫೋರ್ಕನ್ನು ಹಲವು ಸಲ ಪೂರ್ತಿಯಾಗಿ ಕುಗ್ಗಿಸಿ ಬಿಡಿ. ಆಗ ಸಡಿಲವಾಗಿರುವ ಕಾಲು ಆಕ್ಸಲ್ ಮೇಲೆ ಸರಿದು ತನ್ನ ಸಹಜ ಸ್ಥಾನಕ್ಕೆ ಬರುತ್ತದೆ. ಆ ಮೇಲೆಯೇ ಪಿಂಚ್ ಬೋಲ್ಟುಗಳನ್ನು ಬಿಗಿ ಮಾಡಬೇಕು. ಒಂದು ಕಾಲಿನಲ್ಲಿ ಎರಡು ಬೋಲ್ಟುಗಳಿದ್ದರೆ ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಇವು ಸಣ್ಣ ಬೋಲ್ಟುಗಳು, ಹಿಡಿದಿರುವುದು ಅಲ್ಯೂಮಿನಿಯಂ. ಉದ್ದನೆಯ ಪಾನಾ ಹಾಕಿ ತೋಳ್ಬಲ ತೋರಿಸಿದರೆ ಎಳೆ ಕಿತ್ತುಹೋಗಿ ಫೋರ್ಕಿನ ಕಾಲನ್ನೇ ಬದಲಿಸುವ ಖರ್ಚು ಬರುತ್ತದೆ. ಪಿಂಚ್ ಬೋಲ್ಟ್ ಇಲ್ಲದ ಮಾದರಿಗಳಲ್ಲಿ ಆಕ್ಸಲ್ ನಟ್ಟನ್ನು ಮೊದಲು ಹಗುರಾಗಿ ಬಿಗಿದು, ಫೋರ್ಕ್ ಕುಗ್ಗಿಸಿ, ನಂತರ ಪೂರ್ತಿ ಟಾರ್ಕ್ ಕೊಡಬಹುದು.

ನೇರ ಹೋಗುವಾಗ ಹ್ಯಾಂಡಲ್ ಸೊಟ್ಟಗೆ ಕಾಣುತ್ತದೆ, ಅಥವಾ ಬ್ರೇಕ್ ಹಿಡಿದರೆ ಬೈಕು ಒಂದು ಕಡೆ ಎಳೆಯುತ್ತದೆ. ಏಕೆ?

ಒಂದೇ ಬದಿಗೆ ಡಿಸ್ಕ್ ಇರುವುದರಿಂದಲೇ ಎಳೆಯುತ್ತದೆ ಎಂಬ ಮಾತು ಗ್ಯಾರೇಜುಗಳಲ್ಲಿ ಆಗಾಗ ಕೇಳಿಬರುತ್ತದೆ. ಆಕ್ಸಲ್ ಮತ್ತು ಫೋರ್ಕ್ ಸರಿಯಾಗಿದ್ದರೆ ಸವಾರನಿಗೆ ಗೊತ್ತಾಗುವಷ್ಟು ಎಳೆತ ಅದರಿಂದ ಬರುವುದಿಲ್ಲ. ಮೊದಲು ಪಿಂಚ್ ಬೋಲ್ಟ್ ಸಡಿಲಿಸಿ ಮೇಲಿನ ಕ್ರಮವನ್ನು ಮತ್ತೊಮ್ಮೆ ಮಾಡಿ. ಅದರಿಂದ ಹೋಗದಿದ್ದರೆ ಫೋರ್ಕ್ ಕ್ಲ್ಯಾಂಪುಗಳಲ್ಲಿ ತಿರುಚಿಕೊಂಡಿರಬಹುದು. ಗುಂಡಿಗೆ ಬಿದ್ದಾಗ ಅಥವಾ ನಿಂತಲ್ಲೇ ಬೈಕು ಉರುಳಿದಾಗ ಇದು ಆಗುತ್ತದೆ. ಆಕ್ಸಲ್ ಮತ್ತು ಪಿಂಚ್ ಬೋಲ್ಟ್, ಮಡ್‌ಗಾರ್ಡ್ ಬೋಲ್ಟ್, ಕೆಳಗಿನ ಕ್ಲ್ಯಾಂಪಿನ ಬೋಲ್ಟುಗಳನ್ನು ಸಡಿಲಿಸಿ, ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು ಹ್ಯಾಂಡಲನ್ನು ತಿರುಗಿಸಿ ನೇರ ಮಾಡಿ, ಕೆಳಗಿನಿಂದ ಮೇಲಕ್ಕೆ ಮತ್ತೆ ಬಿಗಿ ಮಾಡುತ್ತ ಬನ್ನಿ. ಮೇಲಿನ ಕ್ಲ್ಯಾಂಪನ್ನು ಸಡಿಲಿಸದೆ ಇದ್ದರೆ ಫೋರ್ಕ್ ಜಾರಿ ಇಳಿಯುವ ಭಯವಿಲ್ಲ.

ಮುಂದಿನ ಮತ್ತು ಹಿಂದಿನ ಚಕ್ರ ಒಂದೇ ಗೆರೆಯಲ್ಲಿವೆಯೇ ಎಂದು ನೋಡಲು ಹಿಂದಿನ ಟೈರಿನ ಎರಡೂ ಬದಿಗಳಿಂದ ನೂಲನ್ನು ಬಿಗಿಯಾಗಿ ಮುಂದಕ್ಕೆ ಎಳೆದು ಕಟ್ಟಿ. ಮುಂದಿನ ಟೈರ್ ತೆಳುವಾಗಿರುವುದರಿಂದ ನೂಲಿಗೂ ಅದಕ್ಕೂ ನಡುವೆ ಅಂತರ ಉಳಿಯುತ್ತದೆ. ಆ ಅಂತರ ಎಡಬಲಗಳಲ್ಲಿ ಸಮನಾಗಿರಬೇಕು. ಸಮನಾಗಿಲ್ಲದಿದ್ದರೆ ದೋಷ ಹಿಂದಿನ ಚೈನ್ ಅಡ್ಜಸ್ಟರಿನಲ್ಲೂ ಇರಬಹುದು ಎಂಬುದನ್ನು ಮರೆಯದಿರಿ. ಹ್ಯಾಂಡಲ್ ನಡುವೆ ಬಂದಾಗ ಹಿಡಿದಂತಾದರೆ ಹ್ಯಾಂಡಲ್ ತಿರುಗುವ ಬೇರಿಂಗಾದ ಕೋನ್ ಸೆಟ್ ನೋಡಿಸಿ.

ರಿಮ್ಮಿನ ಕಡ್ಡಿ ಬಿಗಿ ಮಾಡಿಸಿದರೆ ಡಿಸ್ಕ್ ತಾಗುವುದು ನಿಲ್ಲುತ್ತದೆಯೇ?

ಇಲ್ಲ. ಡಿಸ್ಕ್ ಕೂತಿರುವುದು ಹಬ್ಬಿನ ಮೇಲೆ. ರಿಮ್ ಎಷ್ಟೇ ಓಲಾಡಿದರೂ ಡಿಸ್ಕ್ ಅಲುಗುವುದಿಲ್ಲ.

ಚಕ್ರ ಹಾಕಿದ ಮೇಲೆ ಲೀವರ್ ಹಿಡಿಕೆಯವರೆಗೂ ಹೋಗುತ್ತದೆ.

ಪಿಸ್ಟನ್ನನ್ನು ಒಳಗೆ ತಳ್ಳಿದ ಮೇಲೆ ಮೊದಲ ಕೆಲವು ಒತ್ತುಗಳು ಖಾಲಿಯಾಗಿಯೇ ಹೋಗುತ್ತವೆ. ಆದ್ದರಿಂದ ಬೈಕನ್ನು ಸ್ಟ್ಯಾಂಡಿನಿಂದ ಇಳಿಸುವ ಮುನ್ನವೇ ಲೀವರ್ ಒತ್ತಿ ಗಟ್ಟಿ ಮಾಡಿಕೊಳ್ಳಬೇಕು. ಗ್ಯಾರೇಜಿನಿಂದ ಬೈಕು ಪಡೆಯುವಾಗಲೂ ಇದನ್ನು ನಿಮ್ಮ ಕೈಯಿಂದಲೇ ನೋಡಿ. ಎಷ್ಟು ಒತ್ತಿದರೂ ಸ್ಪಂಜಿನಂತಿದ್ದರೆ ಬ್ರೇಕ್ ಆಯಿಲಿನಲ್ಲಿ ಗಾಳಿ ಸೇರಿದೆ, ಅದನ್ನು ಹೊರಹಾಕಲು ಬ್ಲೀಡಿಂಗ್ ಮಾಡಬೇಕು. ಲೀವರ್ ನಿಂತಲ್ಲಿ ಗಟ್ಟಿಯಾಗಿದ್ದು, ಸ್ವಲ್ಪ ದೂರ ಓಡಿಸಿದ ನಂತರ ಮೊದಲ ಒತ್ತಿಗೆ ಆಳಕ್ಕೆ ಹೋಗಿ ಎರಡನೆಯದಕ್ಕೆ ಗಟ್ಟಿಯಾದರೆ ಗಾಳಿಯನ್ನು ದೂರಬೇಡಿ: ಓಲಾಡುವ ಡಿಸ್ಕ್ ಪ್ಯಾಡುಗಳನ್ನು ಹಿಂದಕ್ಕೆ ತಳ್ಳುತ್ತಿದೆ, ಡಯಲ್ ಗೇಜಿಗೆ ಮರಳಿ.

ಬ್ರೇಕ್ ಆಯಿಲ್ ಹಾಕುವುದಾದರೆ ಹ್ಯಾಂಡಲ್ ಮೇಲಿರುವ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಬರೆದಿರುವ ದರ್ಜೆಯನ್ನೇ ಹಾಕಿ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ, ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ಮಾನದಂಡ; ನೀರಿನ ಅಂಶ ಹೀರಿಕೊಂಡಂತೆ ಕುದಿಬಿಂದು ಡಾಟ್ 3ರಲ್ಲಿ 140ಕ್ಕೆ, ಡಾಟ್ 4ರಲ್ಲಿ 155ಕ್ಕೆ ಇಳಿಯಬಹುದು. ಜಾಂಬೋಟಿಯ ಮೇಲೆ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವವರಿಗೆ ಈ ಅಂಕಿಗಳು ಬರಿಯ ಪುಸ್ತಕದ ಮಾತಲ್ಲ.

ಓಡಿಸುತ್ತ ಹೋದಂತೆ ಮುಂದಿನ ಚಕ್ರ ಬಿಗಿಯಾಗುತ್ತ ಬರುತ್ತದೆ. ಏನು ಮಾಡಬೇಕು?

ಮೊದಲು ನಿಲ್ಲಿಸಿ, ತಣ್ಣಗಾಗಲು ಬಿಡಿ, ಡಿಸ್ಕನ್ನು ಮುಟ್ಟಬೇಡಿ. ಹಳೆಯ ಪ್ಯಾಡ್ ಸವೆದ ಕಾಲದಲ್ಲಿ ಯಾರೋ ಡಬ್ಬಿಗೆ ಆಯಿಲ್ ತುಂಬಿದ್ದು, ಈಗ ಪಿಸ್ಟನ್ ಒಳಗೆ ಹೋಗಿ ಡಬ್ಬಿ ಗಂಟಲಮಟ್ಟ ತುಂಬಿರಬಹುದು. ಬಿಸಿಯಾಗಿ ಹಿಗ್ಗಿದ ಆಯಿಲಿಗೆ ಜಾಗ ಸಿಗದೆ ಅದು ಪಿಸ್ಟನ್ನನ್ನೇ ಒತ್ತುತ್ತದೆ. ವಿಜಯಪುರದ ಮೇ ತಿಂಗಳ ಮಧ್ಯಾಹ್ನ ಇದು ಬೇಗ ಕಾಣುತ್ತದೆ. ಲೀವರಿಗೆ ಸ್ವಲ್ಪವೂ ಆಟವಿಲ್ಲದಿದ್ದರೂ, ಕಾಲಿನ ಪೆಡಲಿನಿಂದ ಮುಂದಿನ ಬ್ರೇಕಿಗೆ ಕೇಬಲ್ ಜೋಡಿಸಿದ ಸಿಬಿಎಸ್ ಬೈಕುಗಳಲ್ಲಿ ಆ ಕೇಬಲ್ ಅತಿ ಬಿಗಿಯಾಗಿದ್ದರೂ ಇದೇ ಆಗುತ್ತದೆ.

ಕಾರಣವನ್ನು ಬೇರ್ಪಡಿಸಲು ಸರಳ ಪರೀಕ್ಷೆಯಿದೆ. ಚಕ್ರ ಬಿಗಿಯಾಗಿರುವಾಗಲೇ, ಕ್ಯಾಲಿಪರ್ ಮುಟ್ಟುವಷ್ಟು ತಣಿದ ಮೇಲೆ, ಕ್ಯಾಲಿಪರಿನ ಬ್ಲೀಡಿಂಗ್ ನಿಪ್ಪಲಿಗೆ ಪೈಪ್ ಹಚ್ಚಿ ಸ್ವಲ್ಪ ಸಡಿಲಿಸಿ. ಒಂದಿಷ್ಟು ಆಯಿಲ್ ಚಿಮ್ಮಿ ಚಕ್ರ ಸಡಿಲವಾದರೆ ಒತ್ತಡ ಮೇಲೆ ಸಿಕ್ಕಿಕೊಂಡಿತ್ತು: ಲೀವರಿನ ಬಳಿಯ ಮಾಸ್ಟರ್ ಸಿಲಿಂಡರಿನ ಸಣ್ಣ ತೂತು ಕಟ್ಟಿದೆ ಅಥವಾ ಹೋಸ್ ಒಳಗೆ ಉಬ್ಬಿದೆ. ಚಕ್ರ ಹಾಗೆಯೇ ಬಿಗಿಯಾಗಿ ಉಳಿದರೆ ಪಿಸ್ಟನ್ ತುಕ್ಕು ಹಿಡಿದಿದೆ ಅಥವಾ ಪಿನ್ ಕಟ್ಟಿದೆ. ಪರೀಕ್ಷೆಯ ನಂತರ ಆಯಿಲ್ ಮಟ್ಟ ಸರಿಪಡಿಸಿ ಬ್ಲೀಡಿಂಗ್ ಮಾಡಿ. ಪೇಂಟಿನ ಮೇಲೆ ಬಿದ್ದ ಹನಿಯನ್ನು ತಕ್ಷಣ ನೀರಿನಿಂದ ತೊಳೆಯಿರಿ.

ಎಬಿಎಸ್ ದೀಪ ಆರುತ್ತಿಲ್ಲ.

2019ರ ಏಪ್ರಿಲ್ 1ರಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆಲ್ಲ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾದ್ದರಿಂದ ಈ ಪ್ರಶ್ನೆ ಈಗ ಹೆಚ್ಚು ಬರುತ್ತದೆ. ಚಕ್ರದ ವೇಗವನ್ನು ಸೆನ್ಸರಿಗೆ ತಿಳಿಸುವ ಹಲ್ಲಿನ ರಿಂಗ್ ಹಳೆಯ ಡಿಸ್ಕಿನ ಜೊತೆಗೇ ಕಸದ ಬುಟ್ಟಿ ಸೇರಿಲ್ಲವಷ್ಟೇ ಎಂದು ಮೊದಲು ನೋಡಿ. ನಂತರ ರಿಂಗ್ ಬಾಗಿಲ್ಲವೇ, ಸೆನ್ಸರಿನ ಮೊನೆಗೆ ಕಬ್ಬಿಣದ ಪುಡಿ ಅಂಟಿಲ್ಲವೇ, ರಿಂಗಿಗೂ ಸೆನ್ಸರಿಗೂ ಮ್ಯಾನ್ಯುಯಲ್ ಹೇಳಿದಷ್ಟೇ ಅಂತರವಿದೆಯೇ ಎಂದು ಪರೀಕ್ಷಿಸಿ. ಎಲ್ಲ ಸರಿಯಿದ್ದರೂ ಅನೇಕ ಬೈಕುಗಳಲ್ಲಿ ಸ್ವಲ್ಪ ದೂರ ಓಡಿಸಿದ ಮೇಲೆಯೇ ದೀಪ ಆರುತ್ತದೆ.

ಹೊಸ ಡಿಸ್ಕಿಗೆ ಹಳೆಯ ಪ್ಯಾಡ್ ನಡೆಯುತ್ತದೆಯೇ? ಬ್ರೇಕ್ ಹಿಡಿಯುತ್ತಲೇ ಇಲ್ಲವಲ್ಲ.

ಹಳೆಯ ಡಿಸ್ಕಿನ ಗೆರೆಗಳು ಪ್ಯಾಡಿನ ಮೇಲೆ ಮೂಡಿರುತ್ತವೆ, ಅಂಥ ಪ್ಯಾಡ್ ಹೊಸ ಡಿಸ್ಕನ್ನು ಅಲ್ಲಲ್ಲಿ ಮಾತ್ರ ಮುಟ್ಟುತ್ತದೆ. ಎರಡನ್ನೂ ಒಟ್ಟಿಗೆ ಬದಲಿಸುವುದೇ ಲೇಸು. ಹೊಸ ಡಿಸ್ಕಿನ ಮೇಲೆ ತುಕ್ಕು ತಡೆಯುವ ಎಣ್ಣೆಯ ಪದರವಿರಬಹುದು. ಅದನ್ನು ಬ್ರೇಕ್ ಕ್ಲೀನರಿನಿಂದ ಒರೆಸಬೇಕು, ಸೀಮೆಎಣ್ಣೆ ಅಥವಾ ಡೀಸೆಲ್‌ನಿಂದಲ್ಲ. ತೊಳೆಯುವ ಸೆಂಟರಿನಲ್ಲಿ ಕೊನೆಗೆ ಹೊಳಪಿಗೆಂದು ಡೀಸೆಲ್ ಸಿಂಪಡಿಸುವ ರೂಢಿಯಿದ್ದರೆ ಮುಂದಿನ ಚಕ್ರಕ್ಕೆ ಬೇಡವೆಂದು ಮೊದಲೇ ಹೇಳಿಬಿಡಿ. ಎಣ್ಣೆ ಕುಡಿದ ಪ್ಯಾಡನ್ನು ಉಳಿಸಿಕೊಳ್ಳಲು ಹೋಗಬೇಡಿ.

ಇಬ್ಬರೂ ಹೊಸಬರು ಪರಸ್ಪರ ಹೊಂದುವವರೆಗೆ ಬ್ರೇಕ್ ಸ್ವಲ್ಪ ಮಂದವಾಗಿಯೇ ಇರುತ್ತದೆ. ಬಾಗಲಕೋಟೆಯ ನವನಗರದ ಸೆಕ್ಟರ್ ರಸ್ತೆಗಳಂತಹ ಅಗಲ ರಸ್ತೆಯಲ್ಲಿ, ಬೆಳಗ್ಗೆ ಜನಸಂಚಾರ ಇಲ್ಲದಾಗ, ಗಂಟೆಗೆ 50 ಕಿ.ಮೀ. ವೇಗದಿಂದ 15ಕ್ಕೆ ಹದವಾಗಿ ಬ್ರೇಕ್ ಒತ್ತಿ ಇಳಿಸಿ, ನಡುವೆ ತಣಿಯಲು ಬಿಡುತ್ತ, ಹಲವು ಸಲ ಪುನರಾವರ್ತಿಸಿ. ಬಿಸಿಯಾದ ಡಿಸ್ಕಿನ ಮೇಲೆ ಪ್ಯಾಡನ್ನು ಒತ್ತಿ ಹಿಡಿದು ನಿಲ್ಲಬೇಡಿ, ಆ ಜಾಗದಲ್ಲಿ ಪ್ಯಾಡಿನ ಪದರ ದಪ್ಪವಾಗಿ ಅಂಟಿ ಮುಂದೆ ಲೀವರ್ ಅದುರಲು ಕಾರಣವಾಗುತ್ತದೆ.

ಮಳೆಯ ಮರುದಿನ ಡಿಸ್ಕ್ ಮೇಲೆ ತುಕ್ಕು ಕಾಣುತ್ತದೆ.

ಪ್ಯಾಡ್ ಉಜ್ಜುವ ಮುಖದ ಮೇಲಿನ ತೆಳು ತುಕ್ಕು ಮೊದಲ ಕೆಲವು ಬ್ರೇಕುಗಳಲ್ಲಿ ಹೋಗುತ್ತದೆ.

ಎಲ್ಲ ಸರಿಹೋದ ಮೇಲೆ ಮತ್ತೆ ಯಾವಾಗ ಬಿಚ್ಚಿ ನೋಡಬೇಕು?

ಬಿಚ್ಚುವ ಅಗತ್ಯವಿಲ್ಲ. ಬಿಗಿ ಮಾಡಿದ ದಿನವೇ ಡಿಸ್ಕ್, ಕ್ಯಾಲಿಪರ್ ಮತ್ತು ಪಿಂಚ್ ಬೋಲ್ಟುಗಳ ತಲೆಯಿಂದ ಪಕ್ಕದ ಲೋಹದವರೆಗೆ ಪೇಂಟ್ ಮಾರ್ಕರಿನಿಂದ ಒಂದು ಗೆರೆ ಎಳೆದಿಡಿ. ಮೊದಲ ಓಟ ಮುಗಿಸಿ ಬಂದಾಗಲೂ, 100 ಕಿ.ಮೀ. ಆದ ಮೇಲೂ ಗೆರೆ ತುಂಡಾಗಿದೆಯೇ ಎಂದು ನೋಡಿ. ಡಿಸ್ಕ್ ಬೋಲ್ಟಿನ ಗೆರೆ ಸರಿದಿದ್ದರೆ ಅದನ್ನು ಹಾಗೆಯೇ ಇನ್ನಷ್ಟು ತಿರುಗಿಸಬೇಡಿ. ತೆಗೆದು, ಎಳೆ ಸ್ವಚ್ಛಗೊಳಿಸಿ, ಹೊಸದಾಗಿ ಥ್ರೆಡ್ ಲಾಕ್ ಹಚ್ಚಿ ಟಾರ್ಕಿಗೆ ಬಿಗಿಯಿರಿ.